ಮೊದಲ ತಿಂಗಳು ಲೆಕ್ಕಕ್ಕಿಲ್ಲ





ಈಚೆಗೆ ಮದುವೆ ಮನೆಗಳಲ್ಲಿ ಹೆಂಗಸರು ಕುಳಿತ ಕಡೆ ಒಂದು ಪ್ರಶ್ನೆ ಕೇಳಿ ಬರುತ್ತಿದೆ. "ನೀನು ಈಗ ಎಷ್ಟರಲ್ಲಿದ್ದೀ?" ಮೊದಲಾದರೆ ಇದು ಚಿನ್ನದ ಪವನಿನ ಲೆಕ್ಕವಾಗಿರುತ್ತಿತ್ತು. ಈಗ ಅದು ತೂಕ ಇಳಿಸುವ ಚುಚ್ಚುಮದ್ದಿನ ಮಿಲಿಗ್ರಾಂ ಲೆಕ್ಕ.

ನನ್ನ ನಾದಿನಿ ಅಂಥದೇ ಒಂದು ಮದುವೆಯಿಂದ ಮರಳಿದವಳು. ಆಕೆಗೆ ಸಕ್ಕರೆ ಕಾಯಿಲೆ ಇದೆ, ತೂಕವೂ ಹೆಚ್ಚು. ವೈದ್ಯರೇ ಪರೀಕ್ಷಿಸಿ ವಾರಕ್ಕೊಮ್ಮೆ 2.5 ಮಿಲಿಗ್ರಾಂ ಟಿರ್ಜೆಪಟೈಡ್ ಬರೆದು ಕೊಟ್ಟಿದ್ದರು. ಮೂರು ವಾರ ಕಳೆಯಿತು, ತಕ್ಕಡಿಯ ಮುಳ್ಳು ಕದಲಲಿಲ್ಲ. ಮದುವೆಯಲ್ಲಿ ಯಾರೋ ಒಬ್ಬಳು, "ನಾನು ಹತ್ತರಲ್ಲಿದ್ದೇನೆ, ನೋಡು ಹೇಗಾಗಿದ್ದೇನೆ" ಅಂದಳಂತೆ. ಇವಳು ಪರಿಚಯದ ಅಂಗಡಿಯಿಂದ 5 ಮಿಲಿಗ್ರಾಂನ ಎರಡು ಸೀಸೆ ತರಿಸಿ, ಎರಡನ್ನೂ ಒಂದೇ ಸಿರಿಂಜಿಗೆ ಎಳೆದು ಚುಚ್ಚಿಕೊಂಡಳು. ಮರುದಿನ ಬೆಳಗ್ಗೆ ಶುರುವಾದ ವಾಂತಿ ಮೂರನೇ ದಿನಕ್ಕೂ ನಿಲ್ಲಲಿಲ್ಲ. ನೀರು ಕುಡಿದರೆ ನೀರೂ ಹೊರಗೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ನನ್ನ ಕೈ ಹಿಡಿದು, "ಭಾಬಿ, ಇದನ್ನು ಹೊರಗೆ ತೆಗೆಯಲು ಬೇರೆ ಮದ್ದಿಲ್ಲವಾ?" ಎಂದು ಕೇಳಿದಳು.

ಇಲ್ಲ. ಅದೇ ಈ ಮದ್ದಿನ ಕಷ್ಟ. ತಲೆನೋವಿನ ಮಾತ್ರೆಯಂತೆ ಸಂಜೆಗೆ ಇಳಿದು ಹೋಗುವುದಿಲ್ಲ. ಟಿರ್ಜೆಪಟೈಡ್‌ನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು 5 ದಿನ ಬೇಕು, ಸೆಮಾಗ್ಲುಟೈಡ್‌ಗೆ ಸುಮಾರು ಒಂದು ವಾರ. ವಾರಕ್ಕೊಂದೇ ಸೂಜಿ ಸಾಕಾಗುವುದು ಈ ಕಾರಣಕ್ಕೆ. ತಪ್ಪಿದರೆ ವಾರಗಟ್ಟಲೆ ಅನುಭವಿಸಬೇಕಾಗುವುದೂ ಇದೇ ಕಾರಣಕ್ಕೆ. ನಾದಿನಿ ಸಕ್ಕರೆ ಇಳಿಸುವ ಮಾತ್ರೆಯನ್ನೂ ತಿನ್ನುತ್ತಿದ್ದಳು. ಊಟವಿಲ್ಲದೆ ಸಕ್ಕರೆ ಕೆಳಗಿಳಿಯುವ ಭಯ ಒಂದು ಕಡೆ, ನೀರಿಲ್ಲದೆ ಮೂತ್ರಪಿಂಡಕ್ಕೆ ಪೆಟ್ಟಾಗುವ ಭಯ ಇನ್ನೊಂದು ಕಡೆ.

ನಾನು ವೈದ್ಯೆಯಲ್ಲ, ಮಕ್ಕಳಿಗೆ ಪಾಠ ಹೇಳುವವಳು. ಆದರೆ ಆ ಮೂರು ದಿನ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಪೆಟ್ಟಿಗೆಯೊಳಗಿನ ಚೀಟಿಯನ್ನು ಪೂರ್ತಿ ಓದಿದೆ, ತಿಳಿಯದ್ದನ್ನು ವೈದ್ಯರಲ್ಲಿ ಕೇಳಿದೆ. ಮೊದಲ ನಾಲ್ಕು ವಾರದ 2.5 ಮಿಲಿಗ್ರಾಂ ತೂಕ ಇಳಿಸಲೆಂದು ಕೊಡುವುದಲ್ಲ. ಹೊಟ್ಟೆಗೆ ಅಭ್ಯಾಸವಾಗಲೆಂದು ಕೊಡುವುದು! ಈ ಮದ್ದು ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಸಾಕು ಎಂಬ ಸೂಚನೆಯನ್ನು ಮಿದುಳಿಗೆ ಬೇಗ ಮುಟ್ಟಿಸುತ್ತದೆ. ಅಭ್ಯಾಸವಿಲ್ಲದ ಹೊಟ್ಟೆಗೆ ಒಮ್ಮೆಲೇ ಹೆಚ್ಚು ಕೊಟ್ಟರೆ ಅದು ಎಲ್ಲವನ್ನೂ ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ನಾಲ್ಕು ವಾರದ ಬಳಿಕ 5, ಆಮೇಲೆ ಅಗತ್ಯವಿದ್ದರೆ ಮಾತ್ರ, ಪ್ರತಿ ಮೆಟ್ಟಿಲಿನಲ್ಲೂ ಕನಿಷ್ಠ ನಾಲ್ಕು ವಾರ ನಿಂತು, ಎರಡೂವರೆ ಎರಡೂವರೆಯಾಗಿ ಏರಿಸುತ್ತಾರೆ. 15ರಿಂದ ಮೇಲಿಲ್ಲ. ವೆಗೊವಿ ಎಂಬ ಸೆಮಾಗ್ಲುಟೈಡ್ ಆದರೆ 0.25ರಿಂದ ಆರಂಭಿಸಿ 0.5, 1, 1.7 ದಾಟಿ 2.4ಕ್ಕೆ ಬರುವಾಗ ನಾಲ್ಕು ತಿಂಗಳಾಗುತ್ತದೆ. ಎರಡೂ ಬೇರೆ ಬೇರೆ ಮದ್ದು. ಒಂದರ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ. ಮದುವೆ ಮನೆಯಲ್ಲಿ ‘ಹತ್ತು’ ಅಂದವಳು ಅಲ್ಲಿಗೆ ಎಷ್ಟು ತಿಂಗಳಲ್ಲಿ ತಲಪಿದಳೆಂದು ನಾದಿನಿ ಕೇಳಲೇ ಇಲ್ಲ.

ಇನ್ನು ಸಿರಿಂಜಿನ ವಿಷಯ. ಇದನ್ನು ನಿಧಾನವಾಗಿ ಓದಿ. 2025ರ ಮಾರ್ಚ್‌ನಲ್ಲಿ ಮೌಂಜಾರೊ ನಮ್ಮ ದೇಶಕ್ಕೆ ಮೊದಲು ಬಂದದ್ದು ಪೆನ್ನಿನಲ್ಲಲ್ಲ, ಒಂದು ಸಲಕ್ಕೆ ಒಂದು ಎಂಬಂತೆ ಪುಟ್ಟ ಸೀಸೆಯಲ್ಲಿ. ಒಳಗಿರುವುದು ಅರ್ಧ ಮಿಲಿಲೀಟರ್. ಅಜ್ಜಿಯ ಇನ್ಸುಲಿನ್ ಸಿರಿಂಜು ಹೇಗೂ ಮನೆಯಲ್ಲಿದೆಯಲ್ಲ ಎಂದು ಅದನ್ನೇ ಹಿಡಿಯುವವರಿದ್ದಾರೆ. ಆದರೆ ನಮ್ಮ ಅಂಗಡಿಗಳಲ್ಲಿ ಇನ್ಸುಲಿನ್ ಸಿರಿಂಜು ಎರಡು ಬಗೆ. ಕೆಂಪು ಮುಚ್ಚಳದ್ದರಲ್ಲಿ ಒಂದು ಮಿಲಿಲೀಟರಿಗೆ 40 ಗೆರೆ, ಕಿತ್ತಳೆ ಮುಚ್ಚಳದ್ದರಲ್ಲಿ 100. ಅದೇ ಅರ್ಧ ಮಿಲಿಲೀಟರ್ ಒಂದರಲ್ಲಿ 20ನೇ ಗೆರೆಗೆ ನಿಂತರೆ ಇನ್ನೊಂದರಲ್ಲಿ 50ಕ್ಕೆ ನಿಲ್ಲುತ್ತದೆ. ಗೆರೆಯ ಅಂಕಿ ಇನ್ಸುಲಿನ್‌ನ ಯೂನಿಟ್ ಲೆಕ್ಕ, ಈ ಮದ್ದಿನ ಮಿಲಿಗ್ರಾಂ ಲೆಕ್ಕ ಅಲ್ಲವೇ ಅಲ್ಲ. ಅಮೆರಿಕದಲ್ಲಿ ಔಷಧ ಅಂಗಡಿಗಳೇ ತಯಾರಿಸಿ ಕೊಡುವ ಹಲವು ಡೋಸುಗಳ ಸೆಮಾಗ್ಲುಟೈಡ್ ಸೀಸೆಗಳಿಂದ ಜನ ತಾವೇ ಎಳೆದುಕೊಳ್ಳುವಾಗ ಇದೇ ಗೊಂದಲವಾಗಿ, ಬೇಕಾದ್ದರ 5ರಿಂದ 20 ಪಟ್ಟು ಚುಚ್ಚಿಕೊಂಡ ಪ್ರಸಂಗಗಳ ಬಗ್ಗೆ ಅಲ್ಲಿನ ಔಷಧ ಇಲಾಖೆ 2024ರ ಜುಲೈನಲ್ಲಿ ಎಚ್ಚರಿಕೆ ಹೊರಡಿಸಿತು. ಓದು ಬರಹ ಬಲ್ಲವರೇ ಎಡವಿದ್ದಾರೆ. ಆದ್ದರಿಂದ ಮೊದಲ ಸೂಜಿಯನ್ನು ನರ್ಸಿನ ಕಣ್ಣೆದುರೇ ಹಾಕಿಕೊಳ್ಳಿ. ಯಾವ ಸಿರಿಂಜು, ಎಷ್ಟನೇ ಗೆರೆ ಎಂದು ಅವರ ಕೈಯಿಂದಲೇ ಬರೆಸಿಕೊಳ್ಳಿ.

ಪುಡಿಯ ಸೀಸೆಯನ್ನು ಕೊರಿಯರ್‌ನಲ್ಲಿ ತರಿಸಿ ಮನೆಯಲ್ಲಿ ನೀರು ಬೆರೆಸುವವರೂ ಇದ್ದಾರಂತೆ. ಅಂಥ ಸೀಸೆಗಳ ಮೇಲೆ ಸಂಶೋಧನೆಗೆ ಮಾತ್ರ ಎಂದು ಬರೆದಿರುತ್ತದೆ. ಒಂದು ಮಿಲಿಲೀಟರ್ ನೀರಿನ ಬದಲು ಎರಡು ಹಾಕಿದರೆ ಅದೇ ಗೆರೆಯಲ್ಲಿ ಮದ್ದು ಅರ್ಧಕ್ಕಿಳಿಯುತ್ತದೆ, ಅರ್ಧ ಹಾಕಿದರೆ ದುಪ್ಪಟ್ಟಾಗುತ್ತದೆ. ಒಳಗೆ ಏನಿದೆಯೆಂಬುದಕ್ಕೂ ಜವಾಬುದಾರರಿಲ್ಲ. ಅದನ್ನು ಕೈಯಲ್ಲೂ ಮುಟ್ಟಬೇಡಿ.

ಉಳಿದದ್ದು ಕಷ್ಟವೇನಲ್ಲ. ಮದ್ದನ್ನು ಫ್ರಿಜ್ಜಿನ ನಡು ಕಟ್ಟೆಯಲ್ಲಿಡಿ, ಮಂಜುಗಡ್ಡೆಯ ಅರೆಯಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಎಸೆಯಬೇಕು. ಕೈ ತೊಳೆದು, ಸೀಸೆಯ ರಬ್ಬರನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಆರಲು ಬಿಡಿ. ಮದ್ದು ಕಲಕಾಗಿದ್ದರೆ ಬಳಸಬೇಡಿ. ಹೊಟ್ಟೆಯಲ್ಲಿ ಹೊಕ್ಕುಳಿನಿಂದ ಎರಡು ಇಂಚು ದೂರ, ಇಲ್ಲವೇ ತೊಡೆ. ವಾರ ವಾರ ಜಾಗ ಬದಲಿಸಿ. ಬಳಸಿದ ಸೂಜಿ ಕಸದ ಚೀಲಕ್ಕೆ ಬೇಡ. ಕಸ ಎತ್ತುವವಳ ಕೈಗೆ ಚುಚ್ಚೀತು. ಗಟ್ಟಿ ಡಬ್ಬದಲ್ಲಿ ತುಂಬಿಸಿ ಆಸ್ಪತ್ರೆಗೆ ಕೊಡಿ. ಒಂದೇ ಪೆನ್ನನ್ನು ಅಕ್ಕ ತಂಗಿ ಹಂಚಿಕೊಳ್ಳುವುದಂತೂ, ಸೂಜಿ ಬದಲಿಸಿದರೂ, ಕೂಡದು.

ನಾವು ಹೆಂಗಸರು ಸಂಕೋಚದಿಂದ ಕೇಳದೆ ಬಿಡುವ ಮಾತೊಂದಿದೆ. ಟಿರ್ಜೆಪಟೈಡ್ ಆರಂಭಿಸಿದ ನಾಲ್ಕು ವಾರ, ಮತ್ತು ಪ್ರತಿ ಸಲ ಪ್ರಮಾಣ ಏರಿಸಿದ ನಾಲ್ಕು ವಾರ, ಗರ್ಭ ತಡೆಯುವ ಮಾತ್ರೆಯೊಂದನ್ನೇ ನಂಬುವಂತಿಲ್ಲ. ಬಸುರಿಯಾಗಬೇಕೆಂದಿರುವವರು ಮೊದಲೇ ಮದ್ದು ನಿಲ್ಲಿಸಬೇಕು. ಸೆಮಾಗ್ಲುಟೈಡ್ ಆದರೆ ಎರಡು ತಿಂಗಳು ಮುಂಚೆ. ಮೇದೋಜೀರಕದ ಉರಿಯೂತ ಆಗಿದ್ದವರು, ಮನೆತನದಲ್ಲಿ ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು ವೈದ್ಯರಿಗೆ ಹೇಳದೆ ಮುಟ್ಟಬಾರದು. ಬೆನ್ನಿಗೆ ಹಾಯುವ ತೀವ್ರ ಹೊಟ್ಟೆನೋವು ಬಂದರೆ ಕಷಾಯ ಕುಡಿಯುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ರಮಝಾನ್ ಬಗ್ಗೆಯೂ ಕೇಳುತ್ತಾರೆ. ಆಹಾರವಲ್ಲದ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದಿಲ್ಲವೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ವಾರಕ್ಕೊಂದು ಸೂಜಿ ತಾನೇ, ಇಫ್ತಾರಿನ ಬಳಿಕ ಹಾಕಿಕೊಂಡರೂ ಆಯಿತು. ತೊಡಕಿರುವುದು ಸೂಜಿಯಲ್ಲಲ್ಲ, ನೀರಿನಲ್ಲಿ. ಹಗಲಿಡೀ ನೀರಿಲ್ಲದ ಮೈಗೆ ವಾಂತಿಯೂ ಸೇರಿದರೆ ತಡೆಯದು. ಪ್ರಮಾಣ ಏರಿಸುವುದನ್ನು ಆ ತಿಂಗಳಲ್ಲಿ ಇಟ್ಟುಕೊಳ್ಳದಂತೆ ವೈದ್ಯರಲ್ಲಿ ಮೊದಲೇ ಮಾತಾಡಿ. ಸಕ್ಕರೆ ಇಳಿಸುವ ಮಾತ್ರೆಯ ಲೆಕ್ಕವನ್ನೂ ಆಗಲೇ ಕೇಳಿಕೊಳ್ಳಿ.

ನಾದಿನಿ ಐದು ವಾರ ಮದ್ದು ಬಿಟ್ಟಿದ್ದಳು. ವೈದ್ಯರು ಬೈಯಲಿಲ್ಲ, ಮತ್ತೆ 2.5ರಿಂದಲೇ ಆರಂಭಿಸಿದರು. ಈಗ ಅವಳ ಫ್ರಿಜ್ಜಿನ ಬಾಗಿಲಲ್ಲಿ ಕ್ಯಾಲೆಂಡರ್ ತೂಗುತ್ತಿದೆ. ಪ್ರತಿ ಶುಕ್ರವಾರ ಇಶಾ ಬಳಿಕ ಮಗಳು ಅದರಲ್ಲಿ ಒಂದು ಹಸಿರು ಗೆರೆ ಎಳೆಯುತ್ತಾಳೆ. ಮೊನ್ನೆ ಹೋದಾಗ ಮೂರು ಗೆರೆಗಳಾಗಿದ್ದವು. ತಕ್ಕಡಿಯನ್ನು ಮಾತ್ರ ಮಂಚದ ಕೆಳಗೆ ತಳ್ಳಿಟ್ಟಿದ್ದಾಳೆ.