ಕಿಸೆಯ ದೀಪ, ಕಾಲಡಿಯ ದಾರಿ

ಆಟಿ ತಿಂಗಳ ಸಂಜೆ ಗಡಿಯಾರವನ್ನು ಕಾಯುವುದಿಲ್ಲ. ಸೂರ್ಯಾಸ್ತಕ್ಕೆ ಇನ್ನೂ ಹೊತ್ತಿರುವಾಗಲೇ ಮೋಡ ಕವಿದು ಅಡಿಕೆ ತೋಟದೊಳಗೆ ಕತ್ತಲು ಇಳಿಯುತ್ತದೆ. ಕಾಸರಗೋಡಿನ ಒಳನಾಡಿನ ಹಳ್ಳಿಗಳಲ್ಲಿ ಬಸ್ಸಿನಿಂದ ಇಳಿದ ವಿದ್ಯಾರ್ಥಿಗೂ ಮನೆಗೂ ನಡುವೆ ಒಂದು ಗುಡ್ಡದ ಇಳಿಜಾರು, ತೋಡಿಗೆ ಹಾಕಿದ ಒಂದು ಸಂಕ, ತೋಟದ ನಡುವಣ ಒಂದು ಕಾಲುದಾರಿ ಉಳಿದಿರುತ್ತವೆ. ಆ ದಾರಿಯಲ್ಲಿ ಬಿದ್ದ ಹಾಳೆ, ಕೊಳೆತ ಸೋಗೆ, ಜಾರುವ ಪಾಚಿಗಳ ಜತೆಗೆ ಹಾವೂ ಇರಬಹುದು. ಮಂಡಲದ ಹಾವು, ಕಟ್ಟುಹಾವುಗಳೆರಡೂ ಮುಖ್ಯವಾಗಿ ಕತ್ತಲಾದ ಮೇಲೆ ಸಂಚರಿಸುವಂಥವು. ಮಂಡಲದ ಹಾವಿನ ಕಂದು ಮೈಬಣ್ಣವಂತೂ ತರಗೆಲೆಯೊಡನೆ ಬೆರೆತುಹೋಗುತ್ತದೆ. ಆದುದರಿಂದ ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಕೊಡೆ, ಚೀಲ, ಪುಸ್ತಕಗಳ ಪಟ್ಟಿಗೆ ಒಂದು ಪುಟ್ಟ ಟಾರ್ಚನ್ನೂ ಸೇರಿಸುವುದು ವಿವೇಕ. ಅದನ್ನು ಆರಿಸುವ ಬಗೆ ಹೇಗೆಂಬುದು ಇಲ್ಲಿನ ವಿಚಾರ.

ಹಿಂದಿನ ತಲೆಮಾರಿನವರು ಆಟ ನೋಡಿ ಮರಳುವಾಗ ತೆಂಗಿನ ಒಣಗರಿಯ ಸೂಟೆಯನ್ನು ಬೀಸುತ್ತ ನಡೆಯುತ್ತಿದ್ದರು. ಸೂಟೆಯ ಬೆಳಕು ದೂರ ಹೋಗುತ್ತಿರಲಿಲ್ಲ; ಆದರೆ ಮುಂದಿನ ನಾಲ್ಕು ಹೆಜ್ಜೆಯ ನೆಲವನ್ನು ಅಗಲವಾಗಿ ತೋರಿಸುತ್ತಿತ್ತು. ಅನಂತರ ದಪ್ಪ ಸೆಲ್ಲುಗಳ, ತಂತಿಯ ಬಲ್ಬಿನ ಟಾರ್ಚು ಬಂತು. ಎರಡು ಸೆಲ್ಲಿನ ಅಂಥ ಟಾರ್ಚಿನ ಬೆಳಕು ಇಂದಿನ ಲೆಕ್ಕದಲ್ಲಿ ಹತ್ತಿಪ್ಪತ್ತು ಲ್ಯೂಮೆನ್. ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಜಪಾನಿನಲ್ಲೇ ಹುಟ್ಟಿದ ಶುಜಿ ನಕಮುರ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಮೇಲೆ ಬಿಳಿ ಎಲ್‌ಇಡಿಯೂ ಸಾಧ್ಯವಾಯಿತು. ಆ ಸಾಧನೆಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಇಂದು ಹೆಬ್ಬೆರಳಿಗಿಂತ ತುಸು ದಪ್ಪನೆಯ ಕೊಳವೆಯೊಂದು 1000 ಲ್ಯೂಮೆನ್ ಬೆಳಕನ್ನು ಚೆಲ್ಲಬಲ್ಲದು. ಅಂಗಡಿಗೆ ಹೋದವರ ಗೊಂದಲ ಆರಂಭವಾಗುವುದೂ ಇಲ್ಲಿಯೇ. ಪೆಟ್ಟಿಗೆಯ ಮೇಲಿನ ಅಂಕಿ ದೊಡ್ಡದಾದಷ್ಟೂ ಟಾರ್ಚು ಒಳ್ಳೆಯದೆಂದು ತೋರುತ್ತದೆ. ಆದರೆ ಮನೆಯ ದಾರಿಗೆ ಬೇಕಾದ ಗುಣಗಳು ಆ ಒಂದು ಅಂಕಿಯಲ್ಲಿ ಅಡಗಿಲ್ಲ.

ಮೊಬೈಲಿನಲ್ಲೇ ದೀಪವಿರುವಾಗ ಬೇರೊಂದೇಕೆ ಎಂಬ ಪ್ರಶ್ನೆ ಸಹಜ. ಮೊಬೈಲಿನ ಬೆಳಕು ಮಂದ. ಅದನ್ನು ಕೂಡಿಸಿ ಮುಂದಕ್ಕೆ ಎಸೆಯುವ ಪ್ರತಿಫಲಕ ಅದಕ್ಕಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಒದ್ದೆಯಾಗಬಾರದ ಮೊಬೈಲು ಹಿಡಿದು ಸಂಕ ದಾಟುವುದು ಸುಲಭವಲ್ಲ. ಅದಕ್ಕಿಂತ ಮುಖ್ಯವಾಗಿ, ಅಪಾಯ ಒದಗಿದಾಗ ಕರೆ ಮಾಡಬೇಕಾದ ಯಂತ್ರದ ಬ್ಯಾಟರಿಯನ್ನು ದಾರಿ ನೋಡುವುದಕ್ಕೆ ಮುಗಿಸಬಾರದು.

ಮೊದಲು ಅಂಕಿಗಳ ಅರ್ಥ. ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್. ಒಂದು ದಿಕ್ಕಿನಲ್ಲಿ ಆ ಬೆಳಕು ಎಷ್ಟು ತೀವ್ರವಾಗಿದೆ ಎಂಬುದರ ಅಳತೆ ಕ್ಯಾಂಡೆಲಾ. ಕೊಡಪಾನದ ನೀರನ್ನು ಅಂಗಳಕ್ಕೆ ಚೆಲ್ಲಬಹುದು, ಕೊಳವೆಯಿಂದ ದೂರಕ್ಕೂ ಚಿಮ್ಮಿಸಬಹುದು. ನೀರಿನ ಪ್ರಮಾಣ ಒಂದೇ. ಹಾಗೆಯೇ ಒಂದೇ ಲ್ಯೂಮೆನ್‌ನ ಎರಡು ಟಾರ್ಚುಗಳಲ್ಲಿ ಒಂದು ಕಾಲಡಿಯನ್ನು ಅಗಲವಾಗಿ ಬೆಳಗಬಹುದು, ಇನ್ನೊಂದು ಎದುರು ಗುಡ್ಡದ ಮರವನ್ನು ಮಾತ್ರ ತೋರಿಸಬಹುದು.

ಈ ಅಳತೆಗಳನ್ನು ಒಂದೇ ಕ್ರಮಕ್ಕೆ ತರಲು ಅಮೆರಿಕದಲ್ಲಿ 2009ರಲ್ಲಿ ಎಫ್‌ಎಲ್ 1 ಎಂಬ ಮಾನಕವನ್ನು ರೂಪಿಸಲಾಯಿತು. ಇಂದು ಒಳ್ಳೆಯ ಟಾರ್ಚುಗಳ ಪೆಟ್ಟಿಗೆಯ ಮೇಲೆ ಅದರ ಸಂಕೇತಚಿತ್ರಗಳು ಇರುತ್ತವೆ. ಅದರಲ್ಲಿ ‘ದೂರ’ ಎಂದರೆ ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಡಿಮೆ ಶುಭ್ರ ಹುಣ್ಣಿಮೆಯ ಬೆಳದಿಂಗಳ ಮಟ್ಟಕ್ಕೆ ಇಳಿಯುವ ದೂರ. ಪ್ರೌಢಶಾಲೆಯ ವಿದ್ಯಾರ್ಥಿ ಇದನ್ನು ತಾನೇ ಲೆಕ್ಕ ಹಾಕಬಹುದು: ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ ದೊರೆಯುತ್ತದೆ. 2,500 ಕ್ಯಾಂಡೆಲಾಕ್ಕೆ 100 ಮೀಟರು. 10,000 ಕ್ಯಾಂಡೆಲಾಕ್ಕೆ 200 ಮೀಟರು. ದೂರ ಇಮ್ಮಡಿಯಾಗಲು ತೀವ್ರತೆ ನಾಲ್ಮಡಿಯಾಗಬೇಕು. ವಿಲೋಮ ವರ್ಗ ನಿಯಮದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಅದೇ ಮಾನಕದಲ್ಲಿ ‘ಉರಿಯುವ ಅವಧಿ’ ಎಂಬುದನ್ನು ಎಚ್ಚರದಿಂದ ಓದಬೇಕು. ಬೆಳಕು ಆರಂಭದ ಹತ್ತನೆಯ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ ಅದು. 1000 ಲ್ಯೂಮೆನ್, ಮೂರು ಗಂಟೆ ಎಂದು ಬರೆದಿದ್ದರೆ ಮೂರು ಗಂಟೆಯೂ 1000 ಲ್ಯೂಮೆನ್ ಇರುತ್ತದೆಂದು ಅರ್ಥವಲ್ಲ. ಅಷ್ಟು ಬೆಳಕಿಗೆ ಸುಮಾರು ಹತ್ತು ವಾಟ್ ಶಕ್ತಿ ಬೇಕು. ಅದರಲ್ಲಿ ಬಹುಪಾಲು ಶಾಖವಾಗುತ್ತದೆ. ಅಂಗೈಯಲ್ಲಿ ಅಡಗುವ ಲೋಹದ ಕೊಳವೆ ಅಷ್ಟು ಶಾಖವನ್ನು ಬಹಳ ಹೊತ್ತು ಹೊರಹಾಕಲಾರದು. ಆದ್ದರಿಂದ ಕೆಲವೇ ನಿಮಿಷಗಳಲ್ಲಿ ಒಳಗಿನ ಮಂಡಲವೇ ಬೆಳಕನ್ನು ಅರ್ಧಕ್ಕೋ ಮೂರನೆಯ ಒಂದಕ್ಕೋ ಇಳಿಸುತ್ತದೆ. ಇದು ದೋಷವಲ್ಲ, ರಕ್ಷಣೆ. ಕೊಳ್ಳುವವರು ಕೇಳಬೇಕಾದುದು ಗರಿಷ್ಠ ಅಂಕಿಯನ್ನಲ್ಲ, ಒಂದು ಗಂಟೆ ಬಿಡದೆ ನಿಲ್ಲುವ ಬೆಳಕು ಎಷ್ಟು ಎಂಬುದನ್ನು.

ಸುಳ್ಳನ್ನು ಹಿಡಿಯಲೂ ಇದೇ ಗಣಿತ ಸಾಕು. 18 ಮಿಲಿಮೀಟರು ವ್ಯಾಸ, 65 ಮಿಲಿಮೀಟರು ಉದ್ದದ ಲಿಥಿಯಂ ಅಯಾನ್ ಸೆಲ್ಲಿಗೆ 18650 ಎಂದು ಹೆಸರು. ಒಳ್ಳೆಯ ಸೆಲ್ಲಿನ ಸಾಮರ್ಥ್ಯ ಸಾಮಾನ್ಯವಾಗಿ 3,000 ಮಿಲಿ ಆಂಪಿಯರ್ ಗಂಟೆಯ ಆಸುಪಾಸು. ಅದೇ ಗಾತ್ರದ ಸೆಲ್ಲಿನ ಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ನಂಬತಕ್ಕದ್ದಲ್ಲ. 3,000 ಮಿಲಿ ಆಂಪಿಯರ್ ಗಂಟೆಯನ್ನು 3.6 ವೋಲ್ಟಿನಿಂದ ಗುಣಿಸಿದರೆ 10.8 ವಾಟ್ ಗಂಟೆ. ಒಂದು ವಾಟಿಗೆ ಸುಮಾರು 100 ಲ್ಯೂಮೆನ್ ಎಂದು ಹಿಡಿದರೆ ಇಂಥ ಸೆಲ್ಲು 100 ಲ್ಯೂಮೆನ್ ಬೆಳಕನ್ನು ಹತ್ತು ಗಂಟೆ ಕೊಟ್ಟೀತು, 1000 ಲ್ಯೂಮೆನ್ ಆದರೆ ಒಂದೇ ಗಂಟೆ. ಕೈಬೆರಳಿನ ಗಾತ್ರದ ಟಾರ್ಚು 10,000 ಲ್ಯೂಮೆನ್ ಬೆಳಕನ್ನು ಗಂಟೆಗಟ್ಟಲೆ ಕೊಡುತ್ತದೆಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಎಷ್ಟು ಬೆಳಕು ಬೇಕು? ವಿದ್ಯುತ್ತು ಹೋದಾಗ ಕೋಣೆಯೊಳಗೆ ಓಡಾಡಲು 5 ಲ್ಯೂಮೆನ್ ಸಾಕು. ಛಾವಣಿಯತ್ತ ತಿರುಗಿಸಿಟ್ಟ 100 ಲ್ಯೂಮೆನ್ ಬೆಳಕಿನಲ್ಲಿ ಮನೆಮಂದಿ ಊಟ ಮುಗಿಸಬಹುದು. ಕಾಲುದಾರಿಗೆ 50ರಿಂದ 150, ತೋಡಿನ ನೀರು ಎಷ್ಟು ಏರಿದೆಯೆಂದು ದಡದಿಂದ ನೋಡಲು 300, ತೋಟದ ಆ ಬದಿಯಲ್ಲಿ ಸದ್ದು ಮಾಡಿದ್ದು ಕಾಡುಹಂದಿಯೇ ಎಂದು ಕ್ಷಣಕಾಲ ನೋಡಲು 800 ಅಥವಾ 1000. ಕಣ್ಣಿನ ಸ್ವಭಾವವನ್ನೂ ಇಲ್ಲಿ ನೆನೆಯಬೇಕು. ಬೆಳಕು ಇಮ್ಮಡಿಯಾದಾಗ ಕಣ್ಣಿಗೆ ಅದು ತುಸುವೇ ಹೆಚ್ಚಿದಂತೆ ತೋರುತ್ತದೆ. ಇಮ್ಮಡಿ ಎನಿಸಬೇಕಾದರೆ ಸುಮಾರು ನಾಲ್ಮಡಿಯಾಗಬೇಕು. ಆದುದರಿಂದ 1000ದಿಂದ 500ಕ್ಕೆ ಇಳಿಸಿದರೆ ಕಣ್ಣಿಗಾಗುವ ನಷ್ಟ ಅಲ್ಪ, ಬ್ಯಾಟರಿಗಾಗುವ ಲಾಭ ಇಮ್ಮಡಿ. ಮೂರು ನಾಲ್ಕು ಹಂತಗಳಿದ್ದು, ಗುಂಡಿ ಒತ್ತಿದೊಡನೆ ಮಂದ ಅಥವಾ ಮಧ್ಯಮ ಹಂತದಲ್ಲಿ ಹೊತ್ತಿಕೊಳ್ಳುವ ಟಾರ್ಚು ಉತ್ತಮ. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಮ್ಮೆಲೇ ಹೊಳೆದ ತೀವ್ರ ಬೆಳಕು ಆ ಹೊಂದಾಣಿಕೆಯನ್ನು ಕೆಡಿಸುತ್ತದೆ.

ಬೆಳಕಿನ ಬಣ್ಣವೂ ಮುಖ್ಯ. 6500 ಕೆಲ್ವಿನ್ ಎಂದಿದ್ದರೆ ನೀಲಿ ಛಾಯೆಯ ಬಿಳಿ. 4000ದಿಂದ 5000ದವರೆಗಿನದು ಹಗಲಿಗೆ ಹತ್ತಿರವಾದ, ಕಣ್ಣಿಗೆ ಹಿತವಾದ ಬಿಳಿ. ಬಣ್ಣಗಳನ್ನು ಯಥಾವತ್ತಾಗಿ ತೋರಿಸುವ ಗುಣವನ್ನು ಸಿಆರ್‌ಐ ಎಂಬ ಅಂಕಿ ಹೇಳುತ್ತದೆ. ಅದು 90ಕ್ಕಿಂತ ಹೆಚ್ಚಿದ್ದರೆ ತರಗೆಲೆಯ ಕಂದು, ಹಾವಿನ ಮೈಯ ಕಂದು ಬೇರೆಬೇರೆಯಾಗಿ ಕಾಣುವುದಕ್ಕೆ ಅನುಕೂಲ. ಇದಕ್ಕಾಗಿ ಕೆಲವು ಲ್ಯೂಮೆನ್‌ಗಳನ್ನು ಬಿಟ್ಟುಕೊಡಬೇಕಾಗುತ್ತದೆ, ಬಿಟ್ಟುಕೊಡುವುದು ಲೇಸು.

ಮಳೆಯ ನಾಡಿಗೆ ಐಪಿಎಕ್ಸ್ ಅಂಕಿ ಅಗತ್ಯ. 4 ಎಂದಿದ್ದರೆ ಸಿಡಿಯುವ ನೀರನ್ನು ತಡೆಯುತ್ತದೆ. 7 ಎಂದಿದ್ದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಕೆಡದು. ಜಡಿಮಳೆಯಲ್ಲಿ, ಮಂಜಿನಲ್ಲಿ ನಡೆಯುವಾಗ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದರೆ ಹನಿಗಳಿಂದ ಚದರಿದ ಬೆಳಕು ನೇರ ಕಣ್ಣಿಗೇ ಮರಳಿ ಎದುರೆಲ್ಲ ಬಿಳಿ ಪರದೆಯಾಗುತ್ತದೆ. ಸೊಂಟದ ಕೆಳಗೆ ಹಿಡಿದರೆ ದಾರಿ ಕಾಣುತ್ತದೆ. ನೆಲದ ಉಬ್ಬುತಗ್ಗುಗಳ ನೆರಳೂ ಮೂಡಿ ಕಾಲಿಗೆ ಎಚ್ಚರ ದೊರೆಯುತ್ತದೆ.

ಸೆಲ್ಲಿನ ಆಯ್ಕೆ ಮನೆಯ ಅಭ್ಯಾಸವನ್ನು ಅವಲಂಬಿಸಿದೆ. ಗಡಿಯಾರಕ್ಕೆ ಹಾಕುವ ಎಎ ಸೆಲ್ಲು ಯಾವ ಗೂಡಂಗಡಿಯಲ್ಲೂ ಸಿಗುತ್ತದೆ. ಮರಳಿ ತುಂಬಬಹುದಾದ ನಿಕ್ಕೆಲ್ ಮೆಟಲ್ ಹೈಡ್ರೈಡ್ ಸೆಲ್ಲನ್ನೂ ಅದರಲ್ಲಿ ಬಳಸಬಹುದು. ಅಂಥ ಒಂದು ಸೆಲ್ಲು 100 ಲ್ಯೂಮೆನ್ ಬೆಳಕನ್ನು ಸುಮಾರು ಎರಡು ಗಂಟೆ ಕೊಡುತ್ತದೆ. ಕಿರಿಯ ಮಕ್ಕಳ ಕೈಗೆ ಇದೇ ನಿರಪಾಯ. ಲಿಥಿಯಂ ಸೆಲ್ಲಿನ ಶಕ್ತಿ ಹೆಚ್ಚು, ಜವಾಬ್ದಾರಿಯೂ ಹೆಚ್ಚು. ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಅದರ ಮೇಲಿರಬೇಕು. ಬಿಡಿ ಸೆಲ್ಲನ್ನು ಬೀಗದ ಕೈ, ನಾಣ್ಯಗಳ ಜತೆ ಕಿಸೆಯಲ್ಲಿಡಬಾರದು. ಉಬ್ಬಿದ, ಸಿಪ್ಪೆ ಹರಿದ ಸೆಲ್ಲನ್ನು ಚಾರ್ಜು ಮಾಡಬಾರದು. ಚೀಲದೊಳಗೆ ಗುಂಡಿ ತಾನಾಗಿ ಒತ್ತಿಹೋದರೆ ಗರಿಷ್ಠ ಬೆಳಕಿನ ಶಾಖಕ್ಕೆ ಬಟ್ಟೆ ಸುಡುವುದುಂಟು. ಆದ್ದರಿಂದ ಗುಂಡಿಯನ್ನು ನಿಶ್ಚಲಗೊಳಿಸುವ ಸೌಕರ್ಯವಿರುವುದನ್ನೇ ಕೊಳ್ಳಬೇಕು. ಎದುರು ಬರುವವರ, ಅದರಲ್ಲೂ ವಾಹನ ಚಲಾಯಿಸುವವರ ಮುಖಕ್ಕೆ ಬೆಳಕು ಬಿಡಬಾರದೆಂಬ ಪಾಠವನ್ನು ಟಾರ್ಚಿನ ಜತೆಗೇ ಮಕ್ಕಳಿಗೆ ಕೊಡಬೇಕು.

ಈ ಸೀಮೆಗೇ ಸಲ್ಲುವ ಇನ್ನೊಂದು ಎಚ್ಚರಿಕೆಯಿದೆ. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು ಇಲ್ಲಿ ಇಂದಿಗೂ ಇವೆ. ಹಿರಿಯರು ಅವುಗಳೊಳಗೆ ಹೋಗುವಾಗ ಉರಿಯುವ ದೀಪವನ್ನು ಒಯ್ಯುತ್ತಿದ್ದುದು ಬೆಳಕಿಗಾಗಿ ಮಾತ್ರವಲ್ಲ. ಉಸಿರಾಡುವ ಗಾಳಿ ಕ್ಷೀಣಿಸಿದರೆ ಜ್ವಾಲೆಯೂ ಕ್ಷೀಣಿಸಿ ಅಪಾಯವನ್ನು ಸೂಚಿಸುತ್ತಿತ್ತು. ಎಲ್‌ಇಡಿಗೆ ಗಾಳಿಯ ಹಂಗಿಲ್ಲ. ಪ್ರಾಣವಾಯು ಇಲ್ಲದಲ್ಲಿಯೂ ಅದು ಅಷ್ಟೇ ಪ್ರಕಾಶವಾಗಿ ಬೆಳಗುತ್ತದೆ. ಒಳ್ಳೆಯ ಟಾರ್ಚು ಕೈಯಲ್ಲಿದೆಯೆಂಬ ಧೈರ್ಯದಿಂದ ಮಕ್ಕಳು ಸುರಂಗವನ್ನು ಹೊಗಬಾರದು.

ಕೊಂಡ ಮೇಲೆ ಮನೆಯಲ್ಲೇ ಒಂದು ಪರೀಕ್ಷೆ ನಡೆಸಬಹುದು. ರಾತ್ರಿ ಗೋಡೆಗೆ ಬೆಳಕು ಬಿಟ್ಟು, ಮೂರು ನಿಮಿಷಕ್ಕೊಮ್ಮೆ, ಅರ್ಧ ಗಂಟೆಗೊಮ್ಮೆ, ಒಂದು ಗಂಟೆಗೊಮ್ಮೆ ನೋಡಿ ಮಗುವೇ ಪುಸ್ತಕದಲ್ಲಿ ಬರೆದಿಡಲಿ. ಪೆಟ್ಟಿಗೆಯ ಮಾತು ಎಷ್ಟು ನಿಜವೆಂದು ಅಲ್ಲಿಯೇ ತಿಳಿಯುತ್ತದೆ. ಭಾನುವಾರಕ್ಕೊಮ್ಮೆ ಚಾರ್ಜು ನೋಡುವ ಕೆಲಸವನ್ನೂ ಮಗುವಿಗೇ ವಹಿಸಬಹುದು. ನೂರು ಲ್ಯೂಮೆನ್‌ನ ಸಾಧಾರಣ ಟಾರ್ಚು ದಿನವೂ ಚೀಲದಲ್ಲಿದ್ದರೆ, ಕಪಾಟಿನಲ್ಲಿ ಮಲಗಿರುವ ಸಾವಿರ ಲ್ಯೂಮೆನ್‌ನದಕ್ಕಿಂತ ಅದರ ಬೆಲೆ ಹೆಚ್ಚು. ಸಂಕ ದಾಟಿ ಬರುವ ಆ ಬೆಳಕನ್ನು ಅಂಗಳದಿಂದ ಕಂಡಾಗ ಮನೆಯವರಿಗೂ ಅಷ್ಟು ನೆಮ್ಮದಿ.