ಪರಿಸರ ಸಮ್ಮತಿ: ಮಂಡಳಿಯ ಮೌನಕ್ಕೆ ಬ್ಯಾಂಕಿನಲ್ಲಿ ಬೆಲೆಯಿಲ್ಲ

ಮೌನವು ಸಮ್ಮತಿಯ ಲಕ್ಷಣವೆಂದು ಹಿರಿಯರು ಹೇಳಿದ್ದಾರೆ. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯೂ ಇದನ್ನೇ ಒಪ್ಪಿಕೊಂಡಿದೆ. ಅದರ 25ನೇ ಪ್ರಕರಣದ 7ನೇ ಉಪಪ್ರಕರಣದಂತೆ, ಸರ್ವವಿಧದಲ್ಲಿಯೂ ಪೂರ್ಣವಾದ ಅರ್ಜಿ ಸಲ್ಲಿಕೆಯಾದ ನಾಲ್ಕು ತಿಂಗಳೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಸಮ್ಮತಿಯನ್ನು ನೀಡದೆ, ನಿರಾಕರಿಸಲೂ ಇಲ್ಲದಿದ್ದಲ್ಲಿ, ಷರತ್ತುರಹಿತವಾಗಿ ಸಮ್ಮತಿ ದೊರೆತಿದೆಯೆಂದು ಭಾವಿಸತಕ್ಕದ್ದು. ಓದಲು ಹಿತವಾದ ಈ ಉಪಬಂಧದಿಂದ ಸಣ್ಣ ಉದ್ಯಮಿಗೆ ಆಗುವ ಪ್ರಯೋಜನ ಅತ್ಯಲ್ಪ.

ತೊಡಕಿರುವುದು ‘ಪೂರ್ಣವಾದ’ ಎಂಬ ಪದದಲ್ಲಿ. ಮೂರನೆಯ ತಿಂಗಳಿನ ಕೊನೆಯಲ್ಲಿ ಒಂದು ಆಕ್ಷೇಪಣಾ ಪತ್ರ ಬಂದರೆ ಅರ್ಜಿಯು ಅಪೂರ್ಣವೆನಿಸುತ್ತದೆ. ಉತ್ತರಿಸಿದ ಬಳಿಕ ಮತ್ತೊಂದು ಪತ್ರ ಬರಬಹುದು. ಜೊತೆಗೆ, 1981ರ ವಾಯು ಕಾಯ್ದೆಯು ನಾಲ್ಕು ತಿಂಗಳ ಗಡುವನ್ನು ವಿಧಿಸಿದೆಯಾದರೂ ಗಡುವು ಮೀರಿದಾಗ ಸಮ್ಮತಿ ದೊರೆತಂತೆ ಎಂದು ಹೇಳುವುದಿಲ್ಲ. ಒಂದೇ ಕಾರ್ಖಾನೆಯ ಚರಂಡಿಗೆ ಮೌನವು ಸಮ್ಮತಿ, ಚಿಮಣಿಗೆ ಅಲ್ಲ!

ಬ್ಯಾಂಕಿನವರಾದರೋ ಕಾಗದವನ್ನು ಕೇಳುತ್ತಾರೆ. ಸಮ್ಮತಿಪತ್ರವಿಲ್ಲದೆ ಸಾಲದ ಮುಂದಿನ ಕಂತು ಬಿಡುಗಡೆಯಾಗುವುದು ಕಷ್ಟ. ಶೇಕಡಾ 12ರ ಬಡ್ಡಿಯಲ್ಲಿ 2 ಕೋಟಿ ರೂಪಾಯಿ ಸಾಲವನ್ನು ಈಗಾಗಲೇ ಪಡೆದಿರುವ ಘಟಕಕ್ಕೆ ನಾಲ್ಕು ತಿಂಗಳ ವಿಳಂಬದ ಬೆಲೆ 8 ಲಕ್ಷ ರೂಪಾಯಿ. ಕಾಮಗಾರಿಯು ದೀರ್ಘಕಾಲ ಸ್ಥಗಿತಗೊಂಡರೆ, ಲೆಕ್ಕಪತ್ರ ಮಾನದಂಡ 16ರ ಪ್ರಕಾರ ಆ ಅವಧಿಯ ಬಡ್ಡಿಯನ್ನು ಸ್ವತ್ತಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ಅದು ಲಾಭ-ನಷ್ಟದ ಖಾತೆಗೇ ಹೋಗುತ್ತದೆ. ದೊಡ್ಡ ಸಂಸ್ಥೆಗಳು ಇದನ್ನು ತಾಳಿಕೊಂಡಾವು. ಮೊದಲ ಪೀಳಿಗೆಯ ಉದ್ಯಮಿಯು ಉತ್ಪಾದನೆ ಆರಂಭಿಸುವ ಮೊದಲೇ ದುಡಿಮೆ ಬಂಡವಾಳವನ್ನು ಕಳೆದುಕೊಂಡಿರುತ್ತಾನೆ.

ಹಾಗೆಂದು ನಿಯಮಗಳನ್ನು ಸಡಿಲಿಸಬೇಕೆಂದು ವಾದಿಸುವುದು ವಿವೇಕವಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದ್ದನ್ನು, 2015 ಮತ್ತು 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನು ರಾಜ್ಯವು ಕಂಡಿದೆ. ಮಂಡಳಿಯ ಮೌನದಿಂದ ದೊರೆಯುವ ಷರತ್ತುರಹಿತ ಸಮ್ಮತಿಯು ಪರಿಸರಕ್ಕೂ ಅಪಾಯಕಾರಿ. ಲೋಹಲೇಪನ ಘಟಕವೊಂದು ತ್ಯಾಜ್ಯನೀರು ಸಂಸ್ಕರಣೆಯ ಒಂದು ಷರತ್ತೂ ಇಲ್ಲದೆ ಸಮ್ಮತಿ ಪಡೆಯುವುದನ್ನು ಯಾವ ಜವಾಬ್ದಾರಿಯುತ ಉದ್ಯಮಿಯೂ ಬಯಸಲಾರ.

2024ರ ತಿದ್ದುಪಡಿಯು ಜಲ ಕಾಯ್ದೆಯ ಹಲವು ಉಲ್ಲಂಘನೆಗಳಿಗೆ ಜೈಲುಶಿಕ್ಷೆಯ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡವನ್ನು ತಂದಿತು. ಕೆಲವು ವರ್ಗದ ಕೈಗಾರಿಕೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರಕ್ಕೆ ಒಪ್ಪಿಸಿತು. ಕಡಿಮೆ ಮಾಲಿನ್ಯದ ಘಟಕಗಳು ಸಾಲಿನಿಂದ ಹೊರಬಂದಷ್ಟೂ ಒಳ್ಳೆಯದು. ಆದರೆ ಸಾಲಿನಲ್ಲಿ ಉಳಿದವರ ಗತಿಯೇನು?

ಆಕ್ಷೇಪಣೆಗಳೆಲ್ಲವನ್ನೂ ಅರ್ಜಿ ಸ್ವೀಕರಿಸಿದ ಹದಿನೈದು ದಿನಗಳೊಳಗೆ ಒಂದೇ ಪತ್ರದಲ್ಲಿ ಎತ್ತುವಂತಾಗಬೇಕು. ಆ ಬಳಿಕ ಅರ್ಜಿಯು ಪೂರ್ಣವೆಂಬ ದಿನಾಂಕಸಹಿತ ಸ್ವೀಕೃತಿ ದೊರೆಯಬೇಕು. ಗಡುವು ಮೀರಿದಲ್ಲಿ ಆಯಾ ಕೈಗಾರಿಕೆಗೆ ಅನ್ವಯಿಸುವ ಸಿದ್ಧ ಷರತ್ತುಗಳೊಡನೆ ಜಲ, ವಾಯು ಎರಡಕ್ಕೂ ಸಮ್ಮತಿಪತ್ರವು ಗಣಕಯಂತ್ರದಿಂದಲೇ ಹೊರಬರಬೇಕು. ಇದಕ್ಕೆ ಕಾಯ್ದೆಯ ತಿದ್ದುಪಡಿ ಅಗತ್ಯವಾದರೆ ವಾಣಿಜ್ಯ ಮಂಡಳಿಗಳು ಅದನ್ನೇ ಕೇಳಲಿ.

ಉದ್ಯಮಿಗಳ ಪಾಲಿನ ತಪ್ಪೂ ಕಡಿಮೆಯೇನಲ್ಲ. ಸಮ್ಮತಿ ಶುಲ್ಕವು ಬಂಡವಾಳ ಹೂಡಿಕೆಯನ್ನು ಅವಲಂಬಿಸಿರುವುದರಿಂದ ಲೆಕ್ಕಪರಿಶೋಧಕರ ಪ್ರಮಾಣಪತ್ರದಲ್ಲಿ ಒಂದು ಮೊತ್ತ, ಬ್ಯಾಂಕಿಗೆ ಕೊಟ್ಟ ಯೋಜನಾ ವರದಿಯಲ್ಲಿ ಇನ್ನೊಂದು ಮೊತ್ತ ಕಾಣಿಸುವುದುಂಟು. ಬೇರೊಂದು ಘಟಕದ ನೀರಿನ ಬಳಕೆಯ ಲೆಕ್ಕವನ್ನು ಹಾಗೆಯೇ ನಕಲು ಮಾಡಿ ಲಗತ್ತಿಸುವ ಸಲಹೆಗಾರರೂ ಇದ್ದಾರೆ. ಇಂತಹ ಕಡತಗಳ ಮೇಲೆ ಆಕ್ಷೇಪಣೆ ಬಂದರೆ ಅಧಿಕಾರಿಯನ್ನು ದೂರುವಂತಿಲ್ಲ.