ಕೆಎ-28ರ ಪ್ಲೇಟು: ದಂಡ ಬಡವರಿಗೆ, ವಿನಾಯಿತಿ ಟ್ರ್ಯಾಕ್ಟರಿಗೆ

ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಬೇಡ ಎನ್ನುವವರ ಜೊತೆ ನಾನಿಲ್ಲ. ಅದನ್ನು ಹಾಕಿಸಲು ಸರ್ಕಾರ ಹಿಡಿದ ದಾರಿಯ ಬಗ್ಗೆ ಮಾತ್ರ ನನ್ನ ತಕರಾರು.

2019ರ ಏಪ್ರಿಲ್ 1ಕ್ಕೂ ಮುಂಚೆ ನೋಂದಣಿಯಾದ ಗಾಡಿಗಳಿಗೂ ಹೊಸ ಪ್ಲೇಟು ಕಡ್ಡಾಯ ಎಂದು ಸಾರಿಗೆ ಇಲಾಖೆ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಮೊದಲ ಗಡುವು ನವೆಂಬರ್ 17. ಅದು ಫೆಬ್ರವರಿಗೆ ಹೋಯಿತು, ಮೇ ತಿಂಗಳಿಗೆ ಹೋಯಿತು, ಹಾಗೇ ಜಾರುತ್ತಾ 2025ನ್ನೂ ಮುಟ್ಟಿತು. ದಂಡಕ್ಕೆ ಹೆದರಿ ಮೊದಲೇ ಓಡಿದ ವಿಜಯಪುರ ಜಿಲ್ಲೆಯ (ಕೆಎ-28) ಇಂಡಿ, ಸಿಂದಗಿಯ ಜನ ಪೆದ್ದರಾದರು. ಸುಮ್ಮನೆ ಕೂತವರು ಜಾಣರೆನಿಸಿಕೊಂಡರು. ಆನ್‌ಲೈನಿನಲ್ಲಿ ಬುಕ್ ಮಾಡಬೇಕು, ತಮ್ಮ ಗಾಡಿಯ ಕಂಪನಿಯ ಡೀಲರ್ ಊರಲ್ಲಿ ಇಲ್ಲದಿದ್ದರೆ ವಿಜಯಪುರಕ್ಕೆ ಹೋಗಬೇಕು. ಮುದ್ದೇಬಿಹಾಳದವನಿಗೆ ಅದು ಒಂದು ದಿನದ ಕೂಲಿ ಖೋತಾ.

ಇಷ್ಟು ಪೀಕಲಾಟದಲ್ಲಿ ಸ್ಟಿಕರ್ ಅಂಗಡಿಯ ‘ಐಎನ್‌ಡಿ’ ಪ್ಲೇಟು ಸುಲಭವಾಗಿ ಕಂಡರೆ ಆಶ್ಚರ್ಯವೇನು? ನೋಡಲು ಥೇಟ್ ಅದೇ. ಆದರೆ ಅಸಲಿ ಪ್ಲೇಟಿನ ಎಡಬದಿಯಲ್ಲಿ ಅಶೋಕ ಚಕ್ರದ ಹೊಳೆಯುವ ಹೋಲೋಗ್ರಾಂ ಇರುತ್ತದೆ, ಕೆಳಗೆ ಲೇಸರ್‌ನಿಂದ ಕೊರೆದ ಸಂಖ್ಯೆ. ಉಬ್ಬಿದ ಅಕ್ಷರಗಳ ಮೇಲೆ ‘ಇಂಡಿಯಾ’ ಎಂಬ ಸಣ್ಣ ಬರಹ ಓರೆಯಾಗಿ ಸಾಗುತ್ತದೆ. ಗಾಡಿಯ ಹಿಂಬದಿಯ ಪ್ಲೇಟನ್ನು ಬಿಗಿಯುವ ಸ್ನ್ಯಾಪ್ ಲಾಕ್ ಬಿಚ್ಚಿದರೆ ಮುರಿಯುತ್ತದೆ, ಮತ್ತೆ ಕೂರದು. ಕಾರಿನ ಮುಂಗಾಜಿಗೆ ಇಂಧನದ ಬಣ್ಣದ ಸ್ಟಿಕರ್ ಬೇರೆ: ಪೆಟ್ರೋಲಿಗೆ ತಿಳಿನೀಲಿ, ಡೀಸೆಲ್ಲಿಗೆ ಕಿತ್ತಳೆ. ಹಳೆಯ ಪ್ಲೇಟಿಗೆ ಎರಡು ಸ್ಕ್ರೂ ಸಾಕಿತ್ತು. ಕಳ್ಳನಿಗೂ ಅಷ್ಟೇ ಸಾಕಿತ್ತು.

ಕೊರೆದ ಆ ಸಂಖ್ಯೆ ಸರ್ಕಾರಿ ದಾಖಲೆಯಲ್ಲಿ ಗಾಡಿಯ ನೋಂದಣಿಗೆ ಜೋಡಣೆಯಾಗಿರುತ್ತದೆ. ಅದರ ಪ್ರಯೋಜನವೆಲ್ಲ ಅಲ್ಲೇ ಇದೆ. ರಸ್ತೆಯಲ್ಲಿ ನಿಂತ ಪೊಲೀಸರು ಅದನ್ನು ಓದಿ ತಾಳೆ ನೋಡದಿದ್ದರೆ ಅಸಲಿಯೂ ಒಂದೇ, ನಕಲಿಯೂ ಒಂದೇ.

ಇನ್ನೊಂದು ಮಾತು, ಯಾರಿಗಾದರೂ ಖಾರ ಎನಿಸಿದರೂ ಸರಿ. ಆದೇಶ ಟ್ರ್ಯಾಕ್ಟರ್, ಟ್ರೇಲರ್‌ಗಳಿಗೂ ಅನ್ವಯಿಸುತ್ತದೆ. ಕಬ್ಬಿನ ಹಂಗಾಮಿನಲ್ಲಿ ಬಸವನ ಬಾಗೇವಾಡಿಯ ರಸ್ತೆಗೆ ಬನ್ನಿ. ಒಂದರ ಹಿಂದೆ ಒಂದು ಎರಡು ಟ್ರೇಲರ್, ಕತ್ತಲಲ್ಲಿ ರಿಫ್ಲೆಕ್ಟರೂ ಇಲ್ಲ, ನಂಬರೂ ಇಲ್ಲ. ಬೈಕ್ ಸವಾರನಿಗೆ ಮೊದಲ ಸಲ 500 ರೂಪಾಯಿ, ಆಮೇಲೆ 1,000 ದಂಡ ಎನ್ನುವವರು ಈ ಟ್ರೇಲರಿನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ.

ಆದ್ದರಿಂದ ಸಾರಿಗೆ ಇಲಾಖೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ಸಂತೆಯ ದಿನ ಪ್ಲೇಟು ಅಳವಡಿಸುವ ಶಿಬಿರ ನಡೆಸಲಿ. ನಕಲಿ ಪ್ಲೇಟು ಮಾಡಿಕೊಟ್ಟವರ ಮೇಲೆ ಕೇಸು ಹಾಕಲಿ. ತಪಾಸಣೆಯನ್ನು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಶುರು ಮಾಡಲಿ, ಬೈಕಿನವರ ಸರದಿ ಆಮೇಲೆ ಬರಲಿ.